ಚಂಪಿಗೆ ಹಾಕದೇ ಹೋದ ಖಂಡ

ಚಂಪಿಯ ತುಟಿ ಎತ್ತಿ ಒಸಡು ನೋಡಿದೆ. ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗಿತ್ತು. ಹೆಬ್ಬೆರಳಿನಿಂದ ಒತ್ತಿ ಬಿಟ್ಟೆ. ಒತ್ತಿದ ಜಾಗಕ್ಕೆ ಎರಡು ಎಣಿಸುವುದರೊಳಗೆ ರಕ್ತ ಮರಳಿ ಬರಬೇಕು, ನಾನು ನಾಲ್ಕರ ತನಕ ಎಣಿಸಿದೆ. ಬಾಲದ ಕೆಳಗೆ ಅಂಟಿದ್ದ ಮಲ ಡಾಂಬರಿನಷ್ಟು ಕಪ್ಪಗಿತ್ತು. ಕೊಕ್ಕೆಹುಳು ಎಂದು ಹೇಳಲು ಸೂಕ್ಷ್ಮದರ್ಶಕವೇ ಬೇಕಿರಲಿಲ್ಲ. ಆದರೂ ಒಂದು ಚೂರನ್ನು ಕಾಗದದಲ್ಲಿ ಕಟ್ಟಿ ಚೀಲಕ್ಕೆ ಹಾಕಿಕೊಂಡೆ.

ತೊಂಬತ್ತರ ದಶಕದ ಆರಂಭದ ಒಂದು ಮಳೆಗಾಲ. ಆಳಂದದಲ್ಲಿ ಕೋಣೆ ಹಿಡಿದು ಗಡಿಯ ಹಳ್ಳಿಗಳಿಗೆ ದನದ ಡಾಕ್ಟರನಾಗಿ ಓಡಾಡುತ್ತಿದ್ದೆ. ಖಜೂರಿಯಲ್ಲಿ ಬಸ್ಸಿಳಿದು ಎರೆಮಣ್ಣಿನ ಹಾದಿಯಲ್ಲಿ ಮುಕ್ಕಾಲು ತಾಸು ನಡೆದರೆ ಆ ಹೊಲದ ಮನೆ ಸಿಗುತ್ತಿತ್ತು. ಅಲ್ಲಿ ಒಬ್ಬ ವಿಧವೆ ಒಬ್ಬರೇ ಇದ್ದರು. ವಯಸ್ಸು ನಲವತ್ತರ ಆಸುಪಾಸು, ಕೊರಳಲ್ಲಿ ಬೆಳ್ಳಿಯ ಕರಡಿಗೆಯಲ್ಲಿ ಇಷ್ಟಲಿಂಗ, ಮಾತು ಖಡಕ್ಕು. ನಾನು ಅವರನ್ನು ಅಕ್ಕೋರು ಎಂದೇ ಕರೆಯುತ್ತಿದ್ದೆ. ಗಂಡ ತೀರಿದ ಮೇಲೆ ಹನ್ನೊಂದು ಎಕರೆ ತೊಗರಿ, ಜೋಳವನ್ನು ತಾವೇ ಆಳು ಹಚ್ಚಿ ಮಾಡಿಸುತ್ತಿದ್ದರು. ಚಂಪಿ ಅವರು ಸಾಕಿದ ಬೇಟೆ ಜಾತಿಯ ಹೆಣ್ಣುನಾಯಿ, ಉದ್ದ ಮುಖ, ಉದ್ದ ಕಾಲು. ಐದು ಮರಿ ಹಾಕಿ ತಿಂಗಳಾಗಿತ್ತು. ಮೂರು ಸತ್ತಿದ್ದವು, ಎರಡು ಇನ್ನೂ ಅದರ ಒಣಗಿದ ಮೊಲೆಗೆ ಜೋತುಬಿದ್ದಿದ್ದವು.

"ಡಾಕ್ಟರ್ರ, ಖರೇ ಹೇಳ್ರಿ. ಉಳೀತದೋ ಇಲ್ಲೋ?" ಎಂದರು.

"ನೋಡೂಣ್ರಿ ಅಕ್ಕೋರ."

"ನೋಡೂಣ ಅಂದ್ರ ಆಗೂದಿಲ್ಲ. ನಮ್ಮ ಭಾವೋರು ಹಿರಿಯರ ಮುಂದ ಏನ್ ಅಂದಾರ ಗೊತ್ತದನು? ಹೆಣ್ಮಗಳು ಒಬ್ಬಾಕಿ ಹೊಲದಾಗ ಇರಬಾರದು, ಆ ನಾಯಿ ಇರೋ ತನಕ ಇರಲಿ, ಆಮ್ಯಾಲ ಆಳಂದದ ಮನಿಗಿ ಬರಬೇಕು, ಹೊಲ ನಾ ನೋಡ್ಕೋತೀನಿ ಅಂದಾರ. ನಾ ಹೂಂ ಅಂದೇನಿ. ಇದು ಹೋಯ್ತಂದ್ರ ಮರುದಿನಾನೇ ಬಂಡಿ ತರ್ತಾರ ಅವ್ರು."

ಭಾವ ಎಂದರೆ ಅವರ ಗಂಡನ ಅಣ್ಣ, ಆಳಂದದ ಪೇಟೆಯಲ್ಲಿ ತೊಗರಿ ಅಡತಿ ಅಂಗಡಿಯವನು. ಅವನ ಮನೆಯ ಅಡುಗೆಕೋಣೆಯ ಮೂಲೆಯಲ್ಲಿ ಈ ಹೆಣ್ಣುಮಗಳು ಉಳಿದ ಆಯುಷ್ಯ ಕಳೆಯುವುದನ್ನು ನನಗೆ ಊಹಿಸಲೂ ಆಗಲಿಲ್ಲ. ಉಳಿಸ್ತೇನಿ ಬಿಡ್ರಿ ಎಂದುಬಿಟ್ಟೆ. ಅದೇನು ಧೈರ್ಯವೋ!

ತೊಗರಿ ತೂಗುವ ಕೊಕ್ಕೆಯ ತಕ್ಕಡಿಗೆ ಗೋಣಿಚೀಲ ಕಟ್ಟಿ ಚಂಪಿಯನ್ನು ಅದರಲ್ಲಿ ಕೂರಿಸಿ ತೂಗಿದೆವು. ಹದಿನಾಲ್ಕು ಕಿಲೋ. ಅಂಥ ನಾಯಿ ಕಡಿಮೆಯೆಂದರೂ ಇಪ್ಪತ್ತೆರಡು ಇರಬೇಕು. ತೂಕ ನೋಡಿ ಹುಳುವಿನ ಗುಳಿಗೆ ಅಳೆದು ಕೊಟ್ಟೆ, ತೊಡೆಗೆ ಕಬ್ಬಿಣಾಂಶದ ಸೂಜಿ ಹಾಕಿದೆ. ಹದಿನೈದು ದಿನಕ್ಕೆ ಎರಡನೇ ಸಲ ಗುಳಿಗೆ, ವಾರಕ್ಕೊಮ್ಮೆ ಸೂಜಿ, ದಿನಾಲೂ ಟಾನಿಕ್ಕು ಎಂದು ಬರೆದುಕೊಟ್ಟೆ. ಇದೆಲ್ಲ ಸುಲಭದ ಕೆಲಸ. ಹುಳು ಸಾಯಬಹುದು, ಆದರೆ ಹೋದ ರಕ್ತ ಮತ್ತೆ ಆಗುವುದು ಹೊಟ್ಟೆಗೆ ಬಿದ್ದದ್ದರಿಂದ. ಚಂಪಿಯ ಹೊಟ್ಟೆಗೆ ಬೀಳುತ್ತಿದ್ದದ್ದು ಜೋಳದ ರೊಟ್ಟಿ, ಮಜ್ಜಿಗೆ, ಬೇಳೆಯ ಕಟ್ಟು. ಎಮ್ಮೆಯ ಹಾಲು ಹೆಚ್ಚು ಹಾಕಿದರೆ ಭೇದಿ. ಮೊದಲು ಅದು ಹೊಲದಲ್ಲಿ ಇಲಿ, ಮೊಲ ಹಿಡಿದು ತನ್ನ ಪಾಡಿಗೆ ತಿಂದು ಬರುತ್ತಿತ್ತು. ಈಗ ಏಳಲೇ ಆಗುತ್ತಿರಲಿಲ್ಲ.

ಅದಕ್ಕೆ ಬೇಕಿದ್ದದ್ದು ಖಂಡ, ಅಂದರೆ ಮಾಂಸ. ಹಸಿ ಖಂಡ ಬೇಕೆಂದರೆ ಆಳಂದದ ಸಂತೆಯ ದಿನವೇ ಬರಬೇಕು, ಆ ಬಸ್ಸು, ಆ ಕೆಸರು ದಾಟಿ ಬರುವುದರೊಳಗೆ ನಾರುತ್ತದೆ. ಕೆಡದೇ ಇರುವುದು ಒಂದಿತ್ತು, ಒಣ ಖಂಡ. ಬಿಸಿಲಲ್ಲಿ ಒಣಗಿಸಿದ ಖಂಡ ವರ್ಷಗಟ್ಟಲೆ ಇರುತ್ತದೆ. ಒಂದು ಹಿಡಿಯನ್ನು ನೆನೆಹಾಕಿ, ಉಪ್ಪು ತೊಳೆದು, ಬೇಯಿಸಿ, ಜೊತೆಗೆ ಒಂದಿಷ್ಟು ಎಲುಬಿನ ಪುಡಿ ಕಲಸಿದರೆ ಬಾಣಂತಿ ನಾಯಿಗೆ ಅದಕ್ಕಿಂತ ಬೇರೆ ಬೇಕಿಲ್ಲ.

ಇದು ನನಗೆ ಗೊತ್ತಿದ್ದದ್ದು ಪುಸ್ತಕದಿಂದಲ್ಲ. ನೆಲೋಗಿ ಕಡೆಯ ನಮ್ಮ ಕೇರಿಯಲ್ಲಿ ನನ್ನವ್ವ ಖಂಡವನ್ನು ಹಗ್ಗದಷ್ಟು ಉದ್ದಕ್ಕೆ ಕೊಯ್ದು, ಉಪ್ಪು ಅರಿಷಿಣ ಸವರಿ, ಅಂಗಳದಲ್ಲಿ ಸಾಲಾಗಿ ತೂಗುಹಾಕುತ್ತಿದ್ದಳು. ಆಳಂದಕ್ಕೆ ನೌಕರಿಗೆ ಹೊರಟಾಗ ಹಾಲಿನಪುಡಿಯ ಡಬ್ಬಿಯ ತುಂಬ ತುಂಬಿ ಕೊಟ್ಟಿದ್ದಳು. ಆ ಡಬ್ಬಿಯನ್ನು ನಾನು ಎರಡನೇ ವಾರವೇ ಜೇವರ್ಗಿ ಬಸ್ಸಿನಲ್ಲಿ ವಾಪಸು ಒಯ್ದುಕೊಟ್ಟೆ. ಕಾರಣ ಕೋಣೆಯ ಮಾಲೀಕ. ಆತ ಮೊದಲ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ನಮ್ಮೋರೇ ಅಂತ ಮಾರಿ ನೋಡಿದ್ರೇ ತಿಳೀತದ ಬಿಡ್ರಿ" ಎಂದಿದ್ದ. ನಾನು ಹೌದು ಎನ್ನಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ನಾಲ್ಕು ಕಡೆ ಕೋಣೆ ಕೇಳಿ, ಹೆಸರು, ಊರು, ಓಣಿ ಎಲ್ಲ ಹೇಳಿ, ಇಲ್ಲ ಎನ್ನಿಸಿಕೊಂಡು ಬಂದಿದ್ದೆ. ಸುಮ್ಮನಿದ್ದದ್ದು ಆ ಒಂದು ಗಳಿಗೆ ಎಂದುಕೊಂಡಿದ್ದೆ. ನೋಡನೋಡುತ್ತ ಎರಡು ವರ್ಷವಾಗಿತ್ತು.

ಇನ್ನೊಂದು ದಾರಿ ಸೊಲ್ಲಾಪುರದ್ದು. ಅಲ್ಲಿಯ ಒಂದು ಔಷಧಿ ಅಂಗಡಿಯಲ್ಲಿ ಸಿರಿವಂತರ ನಾಯಿಗಳಿಗೆಂದು ಮುಂಬಯಿಯಿಂದ ಒಣ ತಿಂಡಿ ತರಿಸುತ್ತಿದ್ದರು. ಬಟಾಣಿಯಷ್ಟು ದೊಡ್ಡ, ಕಂದು ಬಣ್ಣದ ಗಟ್ಟಿ ಕಾಳು. ಜನ ಅದನ್ನು ನಾಯಿ ಬಿಸ್ಕೀಟು ಎನ್ನುತ್ತಿದ್ದರು. ಜೋಳ, ಗೋಧಿಯ ಜೊತೆ ಮಾಂಸದ ಪುಡಿ, ಎಲುಬಿನ ಪುಡಿ, ಜೀವಸತ್ವ ಎಲ್ಲ ಅಳತೆಯಲ್ಲಿ ಸೇರಿಸಿ ಮಾಡಿದ್ದು. ನೋಡಿದರೆ ಮಾಂಸದ ಸುಳಿವೂ ಸಿಗುವುದಿಲ್ಲ.

ಆಳಂದಕ್ಕೆ ಮರಳುವ ಬಸ್ಸಿನಲ್ಲಿ ಕೂತು ಎರಡನ್ನೂ ತೂಗಿದೆ. ಕಾಳಿನಲ್ಲಿ ಸುಣ್ಣದ ಅಂಶ ಸರಿಯಾಗಿರುತ್ತದೆ, ಅಳೆದು ಹಾಕಬಹುದು, ಮರಿಗಳಿಗೂ ಆಗುತ್ತದೆ. ಒಣ ಖಂಡದಲ್ಲಿ ಉಪ್ಪು ಹೆಚ್ಚು, ಬೇಯಿಸುವ ರಗಳೆ. ಎಲ್ಲ ಖರೇ ಮಾತೇ. ಆದರೆ ನಾನು ಕಾಳನ್ನು ಆರಿಸಿದ್ದು ಇದ್ಯಾವುದಕ್ಕೂ ಅಲ್ಲ. ಒಣ ಖಂಡ ಎಂಬ ಎರಡು ಶಬ್ದ ಲಿಂಗ ಕಟ್ಟಿಕೊಂಡವರ ಅಂಗಳದಲ್ಲಿ ನನ್ನ ಬಾಯಿಂದ ಬಂದರೆ, ಅದು ಎಲ್ಲಿ ಸಿಗುತ್ತದೆ, ಹೇಗೆ ತೊಳೆಯಬೇಕು, ಎಷ್ಟು ಹೊತ್ತು ಬೇಯಿಸಬೇಕು ಎಂದು ನಾನೇ ಹೇಳಬೇಕಾಗುತ್ತಿತ್ತು. ನಿಮಗ ಹೆಂಗ ಗೊತ್ತು ಎಂಬ ಮರುಪ್ರಶ್ನೆಗೆ ನಾನು ಹೆದರಿದೆ.

ಮೂರನೇ ದಿನ ಹತ್ತು ಕಿಲೋದ ಕಾಗದದ ಚೀಲ ಹೊತ್ತು ಹೋದೆ. ಅಕ್ಕೋರು ಒಂದು ಕಾಳು ಎತ್ತಿ ಮೂಸಿ ನೋಡಿದರು.

"ಇದರಾಗ ಅದೇನೂ ಇಲ್ಲಲ್ರಿ ಮತ್ತ?"

"ಇಲ್ರಿ ಅಕ್ಕೋರ. ಕಾಳು-ಕಡಿ ಹಿಟ್ಟು, ಅಷ್ಟೇ."

ಎಷ್ಟು ಸರಾಗವಾಗಿ ಬಂತು ಆ ಸುಳ್ಳು! ಚೀಲದ ಮೇಲೆ ಒಳಗೇನಿದೆ ಎಂದು ಇಂಗ್ಲಿಷಿನಲ್ಲಿ ಬರೆದೇ ಇತ್ತು. ಹೊಲದ ಮನೆಯಲ್ಲಿ ಇಂಗ್ಲಿಷ್ ಓದುವವರು ಯಾರಿದ್ದಾರೆ ಎಂದುಕೊಂಡೆ. ಒಂದು ಪಾಲು ಕಾಳಿಗೆ ಎರಡು ಪಾಲು ಬೆಚ್ಚನೆಯ ನೀರು, ಅರ್ಧ ತಾಸು ನೆನೆಯಲಿ, ದಿನಕ್ಕೆ ನಾಲ್ಕು ಸಲ ಹಿಡಿಯಷ್ಟು, ಒಮ್ಮೆಲೇ ಹೆಚ್ಚು ಹಾಕಬೇಡಿ ಎಂದು ಹೇಳಿ ಬಂದೆ.

ನಾಲ್ಕು ದಿನ ಬಿಟ್ಟು ಹೋದಾಗ ಚಂಪಿ ಎದ್ದು ನಿಂತಿತ್ತು. ಕಾಲು ನಡುಗುತ್ತಿದ್ದವು, ಆದರೂ ನಿಂತಿತ್ತು. ಒಸಡಿನ ಅಂಚಿಗೆ ತುಸು ಕೆಂಪು ಬಂದಿತ್ತು. ನನ್ನ ಖುಷಿಗೆ ಎಣೆಯಿರಲಿಲ್ಲ. ಅಕ್ಕೋರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗಿನಿಂದ ಬಂದರು.

"ನೆನೆಸಿದ್ರೂ ಅದಕ್ಕ ಅಗಿಲಿಕ್ಕಿ ಆಗಲಿಲ್ರಿ. ಅದಕ್ಕ ನಾ ಬೀಸಿ ಹಿಟ್ಟು ಮಾಡಿ ಅಂಬಲಿ ಕಾಸಾಕತ್ತೇನಿ. ಉಪ್ಪಾಗ್ಯಾದೇನು ಅಂತ ಒಂದು ಹನಿ ನಾಲಿಗಿಗಿ ಹಚ್ಚಿ ನೋಡ್ದೆ. ಏನೂ ರುಚಿ ಇಲ್ಲ ಬಿಡ್ರಿ, ಪಾಪ, ಹೆಂಗ ತಿಂತದೋ!"

ಬಾಗಿಲಿನಿಂದ ಒಳಗೆ ನೋಡಿದೆ. ಅವರ ತವರಿನಿಂದ ಬಂದಿದ್ದ ಬೀಸುಕಲ್ಲು, ಅದರ ಸುತ್ತ ಕಂದು ಹಿಟ್ಟು. ಪಕ್ಕದಲ್ಲೇ ಒಲೆ, ಒಲೆಯ ಮೇಲೆ ಅವರ ಪಾತ್ರೆ. ಅದೇ ಒಲೆಯ ಅಡುಗೆಯನ್ನು ಅವರು ಲಿಂಗಕ್ಕೆ ತೋರಿಸಿ ಉಣ್ಣುತ್ತಿದ್ದರು. ಆಗಲಾದರೂ ಬಾಯಿ ಬಿಡಬೇಕಿತ್ತು. ಅಂಗಳದ ಬೇವಿನಮರದ ಕೆಳಗೆ ಮಸಿ ಹಿಡಿದ ಮೂರು ಕಲ್ಲಿದ್ದವು, ಅವುಗಳಲ್ಲೊಂದರ ಮೇಲೆ ಕೂತು ಬೂಟಿನ ಕೆಸರು ಕೆರೆಯುತ್ತ ನೆಲ ನೋಡಿದೆ. ಅವರು ಸ್ಟೀಲಿನ ಲೋಟದಲ್ಲಿ ಚಹ ತಂದುಕೊಟ್ಟರು, ಕುಡಿದು ಹೊರಟೆ.

ಆ ವಾರ ಅಫಜಲಪುರ ತಾಲ್ಲೂಕಿನಲ್ಲಿ ದನಗಳಿಗೆ ಗಂಟಲುಬೇನೆ ಕಾಣಿಸಿಕೊಂಡು ನನ್ನನ್ನು ಲಸಿಕೆ ಹಾಕಲು ಕಳಿಸಿದರು. ಭೀಮಾನದಿಯ ದಂಡೆಯ ಹಳ್ಳಿಗಳಲ್ಲಿ ಹನ್ನೆರಡು ದಿನ. ಬೆಳಗಾದರೆ ಮಂಜುಗಡ್ಡೆಯ ಫ್ಲಾಸ್ಕಿಗೆ ಲಸಿಕೆ ತುಂಬಿಕೊಂಡು ಹೊರಡುವುದು, ಹಗ್ಗ ಹಾಕಿ ಎತ್ತು ಎಮ್ಮೆ ಕೆಡವುವುದು, ಸೂಜಿ ಕುದಿಸುವುದು, ಮತ್ತೆ ಹೊರಡುವುದು. ನಡುನಡುವೆ ಚಂಪಿಯ ಒಸಡಿನ ಕೆಂಪು ನೆನಪಾಗಿ ಸಮಾಧಾನವಾಗುತ್ತಿತ್ತು. ಸುಳ್ಳಾದರೇನು, ಜೀವ ಉಳಿಯಿತಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ವಾಪಸು ಬಂದು ಆಳಂದದ ಬಸ್‌ಸ್ಟ್ಯಾಂಡಿನಲ್ಲಿ ಇಳಿದೆನೋ ಇಲ್ಲವೋ, ಎದುರಿಗೇ ಅಕ್ಕೋರ ಭಾವ. ಕನ್ನಡಕ ಹಣೆಗೇರಿಸಿಕೊಂಡು ನಕ್ಕ.

"ಏನ್ ಡಾಕ್ಟರ್ ಸಾಬ್, ಲಿಂಗಾ ಕಟ್ಟಿಕೊಂಡಾಕಿ ಕೈಲೇ ಎಲುಬು ಬೀಸಿಸಿದ್ರಿ! ನಾ ಹೋಗಿದ್ದೆ ಹೊಲಕ್ಕ. ಚೀಲದ ಮ್ಯಾಲಿಂದು ಓದಿ ಹೇಳ್ದೆ. ಮ್ಯಾಟ್ರಿಕ್ ತನಕ ನಾವೂ ಇಂಗ್ಲಿಷ್ ಕಲ್ತೀವಿ ಬಿಡ್ರಿ."

ಆತ ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ, ಆ ನಗೆಯನ್ನಲ್ಲ. ಅಲ್ಲಿಂದಲೇ ಖಜೂರಿಯ ಬಸ್ಸು ಹತ್ತಿದೆ.

ಹೊಲದ ಬದುವಿನ ಮೇಲೆ ಬೀಸುಕಲ್ಲು ಬಿದ್ದಿತ್ತು. ಮೇಲಿನ ಕಲ್ಲು ಒಂದು ಕಡೆ, ಕೆಳಗಿನದು ಒಂದು ಕಡೆ, ಮಳೆನೀರು ತುಂಬಿಕೊಂಡು. ಅದನ್ನು ದಾಟಿಕೊಂಡು ಹೋಗುವಾಗಲೇ ನನಗೆ ಎಲ್ಲ ತಿಳಿಯಿತು. ಚಂಪಿ ಕೊಟ್ಟಿಗೆಯ ಬಾಗಿಲಲ್ಲಿ ಮಗ್ಗುಲಾಗಿ ಬಿದ್ದಿತ್ತು. ಒಸಡು ಒತ್ತಿದೆ, ಬಿಟ್ಟೆ, ಎಣಿಸಲು ಮನಸ್ಸಾಗಲಿಲ್ಲ.

ಅಕ್ಕೋರು ಹೊಸ್ತಿಲಲ್ಲೇ ನಿಂತರು. ಹಣೆಯ ತುಂಬ ವಿಭೂತಿ, ಮುಖ ಬಾಡಿತ್ತು. ಮಠದ ಅಯ್ಯನವರನ್ನು ಕರೆಸಿ ಮನೆ ತೊಳೆಸಿ, ಲಿಂಗ ಶುದ್ಧ ಮಾಡಿಸಿಕೊಂಡು, ಹತ್ತು ದಿನ ಒಪ್ಪೊತ್ತು ಇದ್ದಿದ್ದರು.

"ಗುಳಿಗಿ ಎರಡನೇ ಸಲ ಹಾಕಿದ್ರೇನ್ರಿ?" ಎಂದು ಕೇಳಿದೆ.

"ಇಲ್ಲ. ಟಾನಿಕ್ಕೂ ಇಲ್ಲ, ಏನೂ ಇಲ್ಲ. ಒಂದು ಸುಳ್ಳು ಹೇಳಿದವ್ರು ಉಳಿದದ್ದು ಖರೇ ಹೇಳ್ಯಾರಂತ ನಾ ಹೆಂಗ ನಂಬಲಿ? ಭಾವೋರು, ಅದರಾಗ ಇನ್ನೇನೇನ್ ಹಾಕಿದಾರೋ ಅಂದ್ರು. ನನಗೂ ಹಂಗೇ ಅನಿಸ್ತು. ನಿಮ್ಮನ್ನೇ ಕೇಳೂಣಂತ ಎರಡು ಸಲ ಆಳು ಕಳಿಸ್ದೆ. ಊರಾಗಿಲ್ಲ ಅಂದ್ರು. ರೊಟ್ಟಿ, ಹಾಲು ಹಾಕಿ ನಿಮ್ಮ ಹಾದಿ ನೋಡಿಕೋತ ಕುಂತೆ."

ನಾಯಿಯ ಕಾಲಿನ ನರ ಹುಡುಕಿ ಸಲೈನು ಹಚ್ಚಿದೆ. ನರ ಸಿಗಲೇ ಮೂರು ಸಲ ಚುಚ್ಚಬೇಕಾಯಿತು. ಬಾಟಲಿಯನ್ನು ಕೊಟ್ಟಿಗೆಯ ಗೂಟಕ್ಕೆ ಕಟ್ಟಿ, ಹನಿ ಸಣ್ಣಗೆ ಮಾಡಿ, "ಇದು ಮುಗಿಯೂದರಾಗ ಬರ್ತೇನ್ರಿ" ಎಂದು ಊರ ಕಡೆ ಓಡಿದೆ. ಓಡಿದೆ ಎಂದರೆ ಖರೇನೇ ಓಡಿದೆ.

ಕೇರಿಯ ಮೊದಲ ಮನೆಯ ಮುದುಕ ನನಗೆ ಪರಿಚಯದವನೇ. ಅವನ ಆಡುಗಳಿಗೆ ಎಷ್ಟೋ ಸಲ ಔಷಧ ಕೊಟ್ಟಿದ್ದೆ.

"ಕಾಕಾ, ಒಣ ಖಂಡ ಅದನು?"

ಅವನು ಬೀಡಿ ಕೆಳಗಿಟ್ಟ. "ನಿಮಗ್ಯಾಕ್ರಿ ಸಾಹೇಬ್ರ?"

"ಹೊಲದ ಮನಿ ನಾಯಿ ಸಾಯಾಕತ್ತದ. ಬೇಯಿಸಿ ರಸಾ ಹಾಕಬೇಕು."

"ನಾವು ಉಣ್ಣೂದು ನಾಯಿಗಿ ಹಾಕ್ತೀರಾ?"

ಅವನ ದನಿಯಲ್ಲಿದ್ದದ್ದು ಸಿಟ್ಟೋ ಅಪಮಾನವೋ, ಎರಡೂ ಇರಬೇಕು. ನಾನು ಅವನ ಕಟ್ಟೆಯ ಮೇಲೆ ಕೂತೆ. "ಕಾಕಾ, ನಾನೂ ಇದನ್ನೇ ಉಂಡು ಬೆಳೆದೇನಿ. ನಂದೂ ಇಂಥಾದೇ ಓಣಿ, ನೆಲೋಗಿ ಕಡೆ" ಎಂದೆ. ಎರಡು ವರ್ಷದಲ್ಲಿ ಆ ಮಾತು ಬಾಯಿಂದ ಬಂದದ್ದು ಅದೇ ಮೊದಲು.

ಮುದುಕ ನನ್ನ ಮುಖ ನೋಡಿದ. "ಮತ್ತ ಇಷ್ಟು ದಿನಾ ನಮ್ಮ ಮನಿ ನೀರು ಬ್ಯಾಡಂತ ಹೊರಗೇ ನಿಂದ್ರತಿದ್ದೆಲ್ಲೋ?" ಎಂದ. ಸಾಹೇಬ್ರು ಹೋಗಿ ಏಕವಚನ ಬಂದಿತ್ತು. ಅವನು ಎದ್ದು ಒಳಗೆ ಹೋಗಿ, ಮಾಡಿಗೆ ಕಟ್ಟಿದ್ದ ಗಡಿಗೆಯಿಂದ ಎರಡು ಹಿಡಿ ಒಣ ಖಂಡ, ಒಂದು ಮಣ್ಣಿನ ಮಡಕೆ, ಆಮೇಲೆ ಒಂದು ಚರಿಗೆ ನೀರು ತಂದಿಟ್ಟ. ಮೊದಲು ನೀರು ಕುಡಿದೆ.

ಹೊಲದ ಮನೆಯ ಬೇವಿನ ಕೆಳಗಿನ ಮೂರು ಕಲ್ಲಿನ ಮೇಲೆ ಮಡಕೆ ಇಟ್ಟೆ. ಅಕ್ಕೋರು ಏನೂ ಕೇಳದೆ ಕಟ್ಟಿಗೆ ತಂದು ಹಾಕಿದರು. ನೆನೆಸುವಷ್ಟು ಹೊತ್ತಿರಲಿಲ್ಲ. ಬಿಸಿನೀರಿನಲ್ಲಿ ಮೂರು ಸಲ ತೊಳೆದು ಉಪ್ಪು ತೆಗೆದೆ, ಕಲ್ಲಿನಿಂದ ಜಜ್ಜಿ ಎಳೆ ಬಿಡಿಸಿ ಬೇಯಿಸಿದೆ. ಹಸಿ ಕಟ್ಟಿಗೆಯ ಹೊಗೆಯ ಜೊತೆ ಆ ವಾಸನೆ ಎದ್ದಾಗ ಅವ್ವ ನೆನಪಾದಳು, ಕಣ್ಣು ಒರೆಸಿಕೊಂಡೆ. ರಸವನ್ನು ಆರಿಸಿ ಚಂಪಿಯ ಮೂಗಿನ ಹತ್ತಿರ ಹಿಡಿದೆ. ಮೂಗಿನ ಹೊಳ್ಳೆಗಳು ಅರಳಿದವು. ಎರಡು ದಿನದಿಂದ ಅಲ್ಲಾಡದ ಬಾಲ ನೆಲಕ್ಕೆ ಎರಡು ಸಲ ಬಡಿಯಿತು. ಚಮಚದಿಂದ ಹಾಕಿದ್ದನ್ನು ನೆಕ್ಕಿತು, ಇನ್ನೊಂದು, ಮತ್ತೊಂದು. ನಾಲ್ಕನೇ ಚಮಚ ಬಾಯಿಯ ಮೂಲೆಯಿಂದ ಹೊರಗೇ ಹರಿಯಿತು. ಇಳಿಹೊತ್ತಿಗೆ ಚಂಪಿ ಹೋಯಿತು. ಮರಿಗಳಿಗೆ ಅದು ತಿಳಿಯಲಿಲ್ಲ, ಮೊಲೆ ಹುಡುಕುತ್ತಲೇ ಇದ್ದವು.

ಅಕ್ಕೋರು ಅಳಲಿಲ್ಲ. ಮಡಕೆಯ ಕೆಳಗಿನ ಕೆಂಡವನ್ನು ಕೋಲಿನಿಂದ ಕೆದಕುತ್ತ ಕೇಳಿದರು, "ಇದನ್ನ ಹಿಂಗ ಮಾಡಬೇಕಂತ ನಿಮಗ ಮೊದಲೇ ಗೊತ್ತಿತ್ತೇನ್ರಿ?"

"ಗೊತ್ತಿತ್ರಿ."

"ಹೆಂಗ ಗೊತ್ತು?"

ನಾನು ಹೆದರಿಕೊಂಡು ಓಡಿಹೋಗಿದ್ದ ಆ ಪ್ರಶ್ನೆ ಕಡೆಗೂ ಬಂತು. ಹೇಳಿದೆ. ಅವ್ವನನ್ನು, ಹಗ್ಗವನ್ನು, ಡಬ್ಬಿಯನ್ನು, ಕೋಣೆಯ ಮಾಲೀಕನನ್ನು, ಎಲ್ಲವನ್ನೂ ಹೇಳಿದೆ. ಅವರು ನನ್ನಿಂದ ದೂರ ಸರಿಯಬಹುದು ಎಂದುಕೊಂಡೆ. ಸರಿಯಲಿಲ್ಲ.

"ನೀವು ಕುಂತ ಈ ಕಲ್ಲು ಯಾವುದಕ್ಕ ಅಂದ್ಕೊಂಡಿದ್ರಿ?" ಎಂದರು. "ನಮ್ಮ ಹೊಲದಾಗ ಕಳೇವು ತೆಗಿಯೋ ಹೆಣ್ಮಗಳು ಹೋದ ವರ್ಷ ಇಲ್ಲೇ ಹಡದಳು. ಆಕಿ ಅವ್ವ ಇದೇ ಕಲ್ಲಿನ ಮ್ಯಾಲ ಇದೇ ಖಂಡ ಬೇಯಿಸಿ ಬಾಣಂತಿಗಿ ಉಣಿಸ್ಯಾಳ. ಕಟ್ಟಿಗಿ ಕೊಟ್ಟಾಕಿ ನಾನೇ. ಆಕಿ ಒಲಿ ಅಂಗಳದಾಗ ಇತ್ತು, ನಂದು ಒಳಗ ಇತ್ತು, ಯಾರಿಗಿ ಏನಾಯ್ತು? ಮೊದಲ ದಿನಾನೇ ಒಂದು ಮಾತು ಹೇಳಿದ್ರ ಚಂಪಿಗಿ ನಾನೇ ಕೂತು ಉರಿ ಹಾಕ್ತಿದ್ದೆ."

ನಾನು ಎದ್ದು ಕೊಟ್ಟಿಗೆಯಿಂದ ಗುದ್ದಲಿ ತಂದೆ.

ಚಂಪಿಯನ್ನು ಬೇವಿನ ಹತ್ತಿರವೇ ಹೂಳಿದೆವು. ಮರಿಗಳನ್ನು ಕೇರಿಯ ಮುದುಕ ಒಯ್ದ, ಎರಡೂ ಉಳಿದವು. ಕೋಣೆಯ ಮಾಲೀಕನಿಗೆ ಆ ವಾರವೇ ಖರೇ ಹೇಳಿದೆ, ತಿಂಗಳು ಮುಗಿಯುವುದರೊಳಗೆ ಖಾಲಿ ಮಾಡಿಸಿದ. ಅದರಿಂದ ಏನೂ ಸರಿಹೋಗಲಿಲ್ಲ.

ಅಕ್ಕೋರು ಹಿರಿಯರ ಮುಂದೆ ಕೊಟ್ಟ ಮಾತಿಗೆ ನಿಂತರು. ಬಂಡಿ ಬಂದ ದಿನ ನಾನು ಅಲ್ಲಿದ್ದೆ. ಭಾವ ಒಂದೊಂದೇ ಪಾತ್ರೆ ಎತ್ತಿಡಿಸುತ್ತಿದ್ದ. ಬಂಡಿ ಬದು ದಾಟುವಾಗ ಅಕ್ಕೋರು ನಿಲ್ಲಿಸಲು ಹೇಳಿ, ಇಳಿದು, ಬಿದ್ದಿದ್ದ ಬೀಸುಕಲ್ಲಿನ ಮೇಲಿನ ಭಾಗವನ್ನು ಎತ್ತಲು ನೋಡಿದರು. ಒಬ್ಬರಿಂದ ಆಗಲಿಲ್ಲ. ನಾನು ಹೋಗಿ ಇನ್ನೊಂದು ಕಡೆ ಕೈಹಾಕಿದೆ.

"ಬ್ಯಾಡ, ಬಿಡ್ರಿ ಡಾಕ್ಟರ್ರ. ಭಾವೋರ ಮನ್ಯಾಗ ಒಂದು ಅದ," ಎಂದು ಅವರು ಕೈ ಒರೆಸಿಕೊಂಡು ಮತ್ತೆ ಬಂಡಿ ಹತ್ತಿದರು.